ಕೈ ದುಡಿಯುವಾಗ ಮನಸ್ಸು ಎಲ್ಲಿರುತ್ತದೆ?

ದಣಿವು ಎರಡು ಬಗೆಯದೆಂದು ದುಡಿದು ಬಲ್ಲವರು ಹೇಳುವರು. ಒಂದು, ಮೈಗೆ ಹತ್ತುವ ದಣಿವು. ಇದು ಹೊಟ್ಟೆ ತುಂಬ ಉಂಡು ರಾತ್ರಿ ಒಂದು ನಿದ್ರೆ ತೆಗೆದರೆ ಇಳಿದುಹೋಗುವದು. ಮತ್ತೊಂದು, ಮಾಡಿದ್ದನ್ನೇ ಮಾಡಿ ಮಾಡಿ ಮನಸ್ಸಿಗೆ ಹತ್ತುವ ದಣಿವು. ಇದು ಹಾಸಿಗೆಯ ತನಕ ಹಿಂಬಾಲಿಸಿ ಬಂದು, ಕಣ್ಣು ಮುಚ್ಚಿದ ಮೇಲೆಯೂ ಕೈಬೆರಳುಗಳನ್ನು ಅದೇ ಕೆಲಸದಲ್ಲಿ ಆಡಿಸುತ್ತಿರುವದು. ರೈತನು ಮೊದಲನೆಯದನ್ನು ಚೆನ್ನಾಗಿ ಬಲ್ಲನು. ಎರಡನೆಯದನ್ನು ಬಲ್ಲವರು ಕಾರ್ಖಾನೆಯ ಕೂಲಿಕಾರರು. ದಿನಕ್ಕೆ ಒಂದೇ ಚಲನೆಯನ್ನು ಐನೂರು ಸಾರಿ, ಸಾವಿರ ಸಾರಿ ಮಾಡುವ ಮನುಷ್ಯನು ಅದನ್ನು ಹೇಗೆ ತಾಳಿಕೊಳ್ಳುತ್ತಾನೆ? ಹಾಗೆ ತಾಳಿಕೊಳ್ಳುವದು ಒಳ್ಳೇದೋ? ಅವನು ತಾಳಿಕೊಳ್ಳುತ್ತಾನೆಂಬ ಕಾರಣದಿಂದ ಮಿಕ್ಕವರಾದ ನಾವು ಸುಮ್ಮನಿರಬಹುದೋ? ಈ ಮೂರು ಪ್ರಶ್ನೆಗಳನ್ನು ವಾಚಕರ ಸಂಗಡ ವಿಚಾರಿಸಬೇಕೆಂದಿದ್ದೇವೆ.

ಹಳ್ಳಿಯಲ್ಲಿ ವಾಸಿಸುವ ನಮಗೆ ಕಾರ್ಖಾನೆಯ ಗೊಡವೆ ಯಾಕೆ ಎಂದು ಯಾರೂ ಹೇಳದಿರಲಿ. ಬೆಂಗಳೂರಿನ ಸುತ್ತಲಿನ ಸೀಮೆಗಳಲ್ಲಿ ಬೆಳಕು ಹರಿಯುವದಕ್ಕೆ ಮುಂಚೆ ಎದ್ದು, ಅಡಿಗೆ ಮಾಡಿಟ್ಟು, ವ್ಯಾನು ಹತ್ತಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಹಳ್ಳಿಯ ಹೆಣ್ಣುಮಕ್ಕಳೇ. ಅವರಲ್ಲಿ ಒಬ್ಬಳು ಅಂಗಿಯ ಕಾಲರನ್ನು ಮಾತ್ರ ಹೊಲಿಯುವಳು. ಮತ್ತೊಬ್ಬಳು ಜೇಬನ್ನು ಮಾತ್ರ. ಮತ್ತೊಬ್ಬಳು ತೋಳಿನ ಪಟ್ಟಿಯನ್ನು ಮಾತ್ರ. ಗಂಟೆಗೆ ಇಷ್ಟು ತುಂಡುಗಳಾಗಬೇಕೆಂಬ ಲೆಕ್ಕವು ಹಲಗೆಯ ಮೇಲೆ ಬರೆಯಲ್ಪಟ್ಟಿರುವದು. ಹೀಗೆ ವರ್ಷಗಟ್ಟಲೆ ಅಂಗಿಗಳನ್ನು ಹೊಲಿದವಳು ಒಂದು ಅಂಗಿಯನ್ನಾದರೂ ಮೊದಲಿಂದ ಕೊನೆಯ ವರೆಗೆ ತಾನೇ ಹೊಲಿದು ನೋಡದೆ ಇರಬಹುದು. ಕರಾವಳಿಯಲ್ಲಿ ಬೀಡಿ ಕಟ್ಟುವ ಮನೆಗಳೆಷ್ಟೋ ಇವೆ. ಎಲೆಯನ್ನು ಕತ್ತರಿಸುವದು, ಪುಡಿಯನ್ನು ತುಂಬುವದು, ಸುರುಳಿ ಸುತ್ತುವದು, ನೂಲು ಕಟ್ಟುವದು, ಪುನಃ ಎಲೆಯನ್ನು ಕತ್ತರಿಸುವದು.

ಹಂಚಿನ ಕೆಲಸವೂ ಇದಕ್ಕೆ ಸೇರಿದ್ದೇ. ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಗಾದವರಿಗೆ ಹೊಟ್ಟೆಯ ದಾರಿ ತೋರಿಸಬೇಕೆಂದು ಬಾಸೆಲ್ ಮಿಶನಿನವರು ಈ ಸೀಮೆಯಲ್ಲಿ ಕೈಗಾರಿಕೆಗಳನ್ನು ಆರಂಭಿಸಿದರು. 1865ರಲ್ಲಿ ಪ್ಲೆಬ್ಸ್ಟ್ ದೊರೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನದೀತೀರದ ಜೇಡಿಮಣ್ಣನ್ನು ಹದಮಾಡಿ, ಹಲಗೆಯಾಗಿ ಕತ್ತರಿಸಿ, ಅಚ್ಚಿನ ಮೇಲಿಟ್ಟು, ಒತ್ತುವ ಯಂತ್ರವನ್ನು ತಿರುಗಿಸಿದರೆ ಒಂದು ಹಂಚು. ಅದನ್ನು ತೆಗೆದು ಅಂಚು ಕತ್ತರಿಸಿ ಒಣಗುವ ಅಟ್ಟಕ್ಕೆ ಕೊಟ್ಟರೆ, ಅಷ್ಟರಲ್ಲಿ ಅಚ್ಚಿನ ಮೇಲೆ ಮತ್ತೊಂದು ಹಲಗೆ. ಆ ಕಾರ್ಖಾನೆಗಳಲ್ಲಿ ಅನೇಕವು ಈಗ ಮುಚ್ಚಿಹೋಗಿವೆ. ಅವುಗಳ ಹಂಚುಗಳೋ ಇನ್ನೂ ಎಷ್ಟೋ ಮಾಡುಗಳ ಮೇಲೆ ಮಳೆಯನ್ನು ತಡೆಯುತ್ತಿವೆ. ನಾವು ಆ ಮಾಡಿನ ಕೆಳಗೆ ಕೂತಿದ್ದೇವೆ. ಆದರೆ ಯಂತ್ರದ ಹಿಡಿಯನ್ನು ತಿರುಗಿಸಿದವನ ಮನಸ್ಸು ಆ ಹೊತ್ತಿನಲ್ಲಿ ಎಲ್ಲಿತ್ತೆಂದು ನಾವು ಎಂದಾದರೂ ಯೋಚಿಸಿದ್ದುಂಟೋ?

ಇಲ್ಲಿ ಒಬ್ಬನು ಎದ್ದು, ಮಾಡಿದ್ದನ್ನೇ ಮಾಡುವದು ಹೊಸ ಸಂಗತಿಯೇ? ನಮ್ಮ ತಾಯಂದಿರು ಬೀಸಲಿಲ್ಲವೋ, ಕುಟ್ಟಲಿಲ್ಲವೋ, ನಾಟಿ ನೆಡಲಿಲ್ಲವೋ? ಎಂದು ಕೇಳಬಹುದು. ಸತ್ಯವೇ. ಬೀಸುವ ಕಲ್ಲು ಸಹ ಒಂದೇ ಸುತ್ತಿನಲ್ಲಿ ತಿರುಗುವದು. ನೇಜಿ ನೆಡುವವಳ ಬೆನ್ನು ಸಹ ಇಡೀ ದಿನ ಬಗ್ಗಿಯೇ ಇರುವದು. ಆದರೆ ಅಲ್ಲಿಗೂ ಇಲ್ಲಿಗೂ ಇರುವ ಭೇದವನ್ನು ಗಮನಿಸಬೇಕು. ಬೀಸುವ ಕಲ್ಲಿನ ವೇಗವು ಬೀಸುವವಳ ಕೈಯಲ್ಲಿತ್ತು. ಅವಳು ಹಾಡುತ್ತಿದ್ದಳು, ಮತ್ತು ಕಲ್ಲು ಅವಳ ಹಾಡಿನ ಹದಕ್ಕೆ ತಿರುಗುತ್ತಿತ್ತು. ತುಳುನಾಡಿನ ಗದ್ದೆಯಲ್ಲಿ ಒಬ್ಬಳು ಓಬೇಲೆಯನ್ನು ಎತ್ತಿಕೊಟ್ಟರೆ ಮಿಕ್ಕವರು ದನಿಗೂಡಿಸುತ್ತಿದ್ದರು. ನೆಡುವ ಕೈಗಳು ಅದಕ್ಕೆ ಸರಿಯಾಗಿ ಚಲಿಸುತ್ತಿದ್ದವು. ಮಗು ಅತ್ತರೆ ಬೀಸುವವಳು ಕಲ್ಲನ್ನು ನಿಲ್ಲಿಸಬಹುದಾಗಿತ್ತು. ಕಾರ್ಖಾನೆಯಲ್ಲಿ ಹಾಗಲ್ಲ, ಅಲ್ಲಿ ಹದವನ್ನು ಹಾಕುವದು ಯಂತ್ರ, ಇಲ್ಲವೆ ಗಡಿಯಾರ. ಯಂತ್ರವು ಮನುಷ್ಯನಿಗಾಗಿ ಕಾಯುವದಿಲ್ಲ. ಮನುಷ್ಯನೇ ಯಂತ್ರಕ್ಕೆ ಒಗ್ಗಬೇಕು. ಭಾರವು ಬರೇ ಪುನರಾವೃತ್ತಿಯಲ್ಲಿಲ್ಲ. ಹದವು ತನ್ನದಲ್ಲವೆಂಬದರಲ್ಲಿ ಅದೆ.

ಈ ಪದ್ಧತಿ ಹುಟ್ಟಿದ ಕಾಲದಲ್ಲಿಯೇ ಬುದ್ಧಿವಂತರು ಇದರ ಎರಡು ಮುಖಗಳನ್ನೂ ಕಂಡಿದ್ದರು. ಸ್ಕಾಟ್ಲೆಂಡಿನ ಪಂಡಿತನಾದ ಆಡಂ ಸ್ಮಿತ್ ಎಂಬವನು 1776ರಲ್ಲಿ ರಾಷ್ಟ್ರಗಳ ಐಶ್ವರ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಗುಂಡುಸೂಜಿಯ ದೃಷ್ಟಾಂತವನ್ನು ಕೊಟ್ಟನು. ಒಬ್ಬನೇ ಎಲ್ಲವನ್ನೂ ಮಾಡಿದರೆ ದಿನಕ್ಕೆ 20 ಸೂಜಿಗಳು ಸಹ ಆಗಲಿಕ್ಕಿಲ್ಲ; ಕೆಲಸವನ್ನು ಸುಮಾರು 18 ಅಂಶಗಳಾಗಿ ಹಂಚಿಕೊಂಡರೆ ಹತ್ತು ಮಂದಿ ಕೂಡಿ 48,000 ಸೂಜಿಗಳನ್ನು ಮಾಡಬಲ್ಲರು. ಈ ಮಾತನ್ನು ಲೋಕವೆಲ್ಲ ಕಲಿತುಕೊಂಡಿತು. ಆದರೆ ಅದೇ ಗ್ರಂಥದ ಕೊನೆಯ ಭಾಗದಲ್ಲಿ, ಒಂದೆರಡು ಸುಲಭ ಚಲನೆಗಳಲ್ಲೇ ಆಯುಷ್ಯವನ್ನು ಕಳೆಯುವವನ ಬುದ್ಧಿಯು ಉಪಯೋಗವಿಲ್ಲದೆ ಮಂಕಾಗುವದೆಂದು ಅವನೇ ಎಚ್ಚರಿಸಿದನು. ಈ ಎರಡನೆಯ ಮಾತನ್ನು ಓದಿದವರು ಕೊಂಚ, ನೆನಪಿಟ್ಟವರು ಇನ್ನೂ ಕೊಂಚ.

1913ರಲ್ಲಿ ಅಮೇರಿಕದ ಹೆನ್ರಿ ಫೋರ್ಡ್ ತನ್ನ ಕಾರಿನ ಕಾರ್ಖಾನೆಯಲ್ಲಿ ಚಲಿಸುವ ಸಾಲನ್ನು ಏರ್ಪಡಿಸಿದನು. ಕೂಲಿಕಾರನು ಕಾರಿನ ಹತ್ತಿರ ಹೋಗುವದಲ್ಲ, ಕಾರೇ ಸಾಲಿನ ಮೇಲೆ ಅವನೆದುರಿಗೆ ಬಂದು ದಾಟಿಹೋಗುವದು. ಅಷ್ಟರಲ್ಲಿ ಅವನು ತನ್ನ ಒಂದು ತಿರುಪನ್ನು ತಿರುಗಿಸಬೇಕು. ಮುಂಚೆ ಹನ್ನೆರಡುವರೆ ಗಂಟೆ ಹಿಡಿಯುತ್ತಿದ್ದ ಜೋಡಣೆಯು ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಆದರೆ ಅದೇ ವರ್ಷ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳುವದಕ್ಕೆ 52,000ಕ್ಕಿಂತ ಹೆಚ್ಚು ಮಂದಿಯನ್ನು ನೇಮಿಸಬೇಕಾಯಿತು. ಯಾಕಂದರೆ ಬಂದವರು ನಿಲ್ಲಲಿಲ್ಲ. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಕೂಲಿಯನ್ನು ಪ್ರಕಟಿಸಿ, ಕೆಲಸದ ಸಮಯವನ್ನು ಎಂಟು ಗಂಟೆಗೆ ಇಳಿಸಿದ ಮೇಲೆಯೇ ಜನರು ನಿಂತದ್ದು. ಬಾಯಿಂದ ಒಂದು ಮಾತನ್ನೂ ಹೇಳದೆ ಆ ಸಾವಿರಾರು ಮಂದಿ ಕಾಲುಗಳಿಂದಲೇ ತಮ್ಮ ಸಾಕ್ಷಿಯನ್ನು ಕೊಟ್ಟರೆಂದು ನಾವು ತಿಳಿಯಬೇಕು.

ಬಿಟ್ಟುಹೋಗಬಲ್ಲವರು ಹೋದರು. ಮನೆಯಲ್ಲಿ ಉಣ್ಣುವ ಬಾಯಿಗಳಿರುವವನು ಹೋಗಲಾರನು. ಹಾಗೆ ನಿಂತವನು ದಿನವನ್ನು ಹೇಗೆ ಕಳೆಯುತ್ತಾನೆ? ಮುಖ್ಯವಾಗಿ ಮೂರು ಉಪಾಯಗಳನ್ನು ಕಾಣುತ್ತೇವೆ: ಮರೆವು, ಆಟ, ಒಡನಾಟ.

ಮೊದಲನೆಯದು ಮರೆವು. ಕೈಯನ್ನು ಯಂತ್ರದ ಹತ್ತಿರ ಬಿಟ್ಟು ಮನಸ್ಸನ್ನು ಬೇರೆಲ್ಲಿಗೋ ಕಳುಹಿಸುವದು. ಇದರಲ್ಲಿಯೂ ಎರಡು ವಿಧಗಳುಂಟು. ಒಬ್ಬಳು ಕಾಲರು ಹೊಲಿಯುತ್ತಾ ತಂಗಿಯ ಮದುವೆಯ ಖರ್ಚನ್ನು ಲೆಕ್ಕ ಹಾಕುವಳು, ಊರಿನ ಜಾತ್ರೆಯನ್ನು ಕಣ್ಣೆದುರು ತಂದುಕೊಳ್ಳುವಳು, ಕಲಿತ ಹಾಡನ್ನು ಮನಸ್ಸಿನೊಳಗೇ ಮೊದಲಿಂದ ಕೊನೆಯ ವರೆಗೆ ಹಾಡಿಕೊಳ್ಳುವಳು. ಇವಳ ಮನಸ್ಸು ಸಂಚಾರಕ್ಕೆ ಹೋಗಿದೆ. ಸಾಯಂಕಾಲ ತಿರಿಗಿ ಬರುವದು. ಮತ್ತೊಬ್ಬಳ ಮನಸ್ಸು ಎಲ್ಲಿಗೂ ಹೋಗಿಲ್ಲ, ಇದ್ದಲ್ಲಿಯೇ ಜಡವಾಗಿದೆ. ಈ ಎರಡನೆಯ ಅವಸ್ಥೆಯನ್ನು ತಾನೇ ಅನುಭವಿಸಿ ತಿಳಿಯಬೇಕೆಂದು ಫ್ರಾನ್ಸಿನ ಸಿಮೋನ್ ವೇಯ್ ಎಂಬ ತತ್ವಶಾಸ್ತ್ರದ ಉಪಾಧ್ಯಾಯಿನಿಯು ಶಾಲೆಯಿಂದ ರಜೆ ಪಡೆದು, 1934ರ ಡಿಸೆಂಬರಿನಿಂದ 1935ರ ಆಗಸ್ಟಿನ ವರೆಗೆ ನಡುನಡುವೆ ಬಿಡುವಿದ್ದರೂ ಪ್ಯಾರಿಸ್ ಪಟ್ಟಣದ ಮೂರು ಕಾರ್ಖಾನೆಗಳಲ್ಲಿ ಕೂಲಿಯವಳಾಗಿ ದುಡಿದಳು. ಆಕೆಗೆ ಆಗ ಇಪ್ಪತ್ತೈದು ಇಪ್ಪತ್ತಾರು ವರ್ಷ. ಅಲ್ಲಿನ ಅತಿ ದೊಡ್ಡ ಶೋಧನೆಯು ಯೋಚನೆ ಮಾಡುವದನ್ನೇ ಬಿಟ್ಟುಬಿಡುವ ಶೋಧನೆ ಎಂದು ಆಕೆ ಕಂಡುಕೊಂಡಳು. ಯೋಚಿಸಿದರೆ ನೋವು ಹೆಚ್ಚುವದು, ಯೋಚಿಸದಿದ್ದರೆ ನೋವು ತಿಳಿಯದು. ಶನಿವಾರದ ಮಧ್ಯಾಹ್ನದ ನಂತರವೂ ಆದಿತ್ಯವಾರವೂ ಮಾತ್ರ ಆಕೆಯ ಬುದ್ಧಿಯು ಚೂರುಚೂರಾಗಿ ಹಿಂದೆ ಬರುತ್ತಿತ್ತಂತೆ. ಆಕೆಯ ಕಾರ್ಖಾನೆಯ ಬರಹಗಳು ಆಕೆ ಮೃತಳಾದ ಮೇಲೆ 1951ರಲ್ಲಿ ಪುಸ್ತಕವಾಗಿ ಹೊರಟವು.

ಇದನ್ನು ನಾವು ಹಗುರವಾಗಿ ಎಣಿಸಬಾರದು. ಗಾಯಕ್ಕೆ ಮರಗಟ್ಟಿಸುವ ಮದ್ದನ್ನು ಹಚ್ಚಿದರೆ ನೋವು ಹೋಗುವದು ನಿಜವೇ. ಆದರೆ ಆ ಮದ್ದಿಗೆ ಗಾಯ ಯಾವದು, ಗುಣವಾದ ಚರ್ಮ ಯಾವದು ಎಂಬದು ಗೊತ್ತಿಲ್ಲ. ಎಂಟು ಗಂಟೆ ಮರಗಟ್ಟಿದ ಮನಸ್ಸು ಮನೆಗೆ ಬಂದ ಕ್ಷಣದಲ್ಲಿ ಮಕ್ಕಳ ಮಾತಿಗೆ ಎಚ್ಚತ್ತುಕೊಳ್ಳುವದೆಂದು ನಿರೀಕ್ಷಿಸಲಾದೀತೇ? ಕೆಲಸದಿಂದ ಬಂದ ಗಂಡಸು ಮೂಕನಂತೆ ಕೂತಿರುತ್ತಾನೆಂದೋ, ಹೆಂಗಸು ಸುಮ್ಮಸುಮ್ಮನೆ ಸಿಡುಕುತ್ತಾಳೆಂದೋ ದೂರು ಹೇಳುವ ಮನೆಯವರು ಇದನ್ನು ತಿಳಿಯತಕ್ಕದ್ದು.

ಎರಡನೆಯದು ಆಟ. ಕೆಲಸಕ್ಕೆ ತನ್ನಲ್ಲಿ ರುಚಿ ಇಲ್ಲದಿರುವಾಗ ಮನುಷ್ಯನು ಅದರೊಳಗೆ ತಾನೇ ಒಂದು ಪಂದ್ಯವನ್ನು ಹೂಡುತ್ತಾನೆ. ಈ ನೂರು ತುಂಡು ಮುಗಿದರೆ ನೀರು ಕುಡಿಯುವೆನು; ಆ ಹೊಸ ಬಣ್ಣದ ಬಟ್ಟೆ ಬರುವ ಮೊದಲು ಈ ಕಟ್ಟನ್ನು ತೀರಿಸುವೆನು; ನಿನ್ನೆಗಿಂತ ಇಂದು ಹತ್ತು ಹೆಚ್ಚು ಮಾಡುವೆನು. 1990ರಲ್ಲಿ ಹೊರಟ ಒಂದು ಪುಸ್ತಕದಲ್ಲಿ ಚಿಕ್ಸೆಂಟ್ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು ಅಮೇರಿಕದ ಒಬ್ಬ ಕೆಲಸಗಾರನ ವೃತ್ತಾಂತವನ್ನು ಬರೆದಿದ್ದಾರೆ. ಅವನ ಪಾಲಿನ ಕೆಲಸವು 43 ಸೆಕೆಂಡುಗಳದ್ದು. ಅದನ್ನು ದಿನಕ್ಕೆ ಸುಮಾರು ಆರು ನೂರು ಸಾರಿ ಮಾಡಬೇಕು. ಅವನು ಓಟಗಾರನು ತನ್ನ ಓಟವನ್ನು ಸಾಧಿಸುವಂತೆ ತನ್ನ ಕೈಚಳಕವನ್ನು ಸಾಧಿಸಿ, ಐದು ವರ್ಷಗಳಲ್ಲಿ ಒಂದು ದಿನದ ಸರಾಸರಿಯನ್ನು 28 ಸೆಕೆಂಡಿಗೆ ಇಳಿಸಿದನು; ಅದರಲ್ಲಿ ಅವನಿಗೆ ನಿಜವಾದ ಸಂತೋಷವಿತ್ತು. ಆದರೆ ಇದಕ್ಕೊಂದು ಮೇರೆ ಉಂಟೆಂದು ಅವನೇ ಅರಿತು, ಸಾಯಂಕಾಲದಲ್ಲಿ ಇಲೆಕ್ಟ್ರಾನಿಕ್ಸ್ ಪಾಠಗಳಿಗೆ ಹೋಗುತ್ತಿದ್ದನು.

ಈ ಉಪಾಯವು ಮರೆವಿಗಿಂತ ಮೇಲಾದದ್ದು. ಯಾಕಂದರೆ ಇದರಲ್ಲಿ ಮನಸ್ಸು ಎಚ್ಚರವಾಗಿದೆ, ಮತ್ತು ಕೈಯ ಹದವು ಸ್ವಲ್ಪಮಟ್ಟಿಗಾದರೂ ತಿರಿಗಿ ಕೆಲಸಗಾರನದಾಗಿದೆ. ಆದರೂ ಇದರಲ್ಲಿ ಒಂದು ಉರುಲು ಉಂಟು. ಪಂದ್ಯ ಹೂಡುವವನು ಕೂಲಿಯವನು. ಗೆಲುವಿನ ಫಲವೋ ಬಹುಪಾಲು ಯಜಮಾನನಿಗೆ. ಮೈಕೆಲ್ ಬುರಾವೊಯ್ ಎಂಬ ಸಮಾಜಶಾಸ್ತ್ರಜ್ಞರು 1974ರಲ್ಲಿ ಚಿಕಾಗೋ ಪ್ರಾಂತದ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೂಲಿಗೆ ಸೇರಿ ನೋಡಿದರು. ಐದು ವರ್ಷಗಳ ಮೇಲೆ ಅವರು ಪ್ರಕಟಿಸಿದ ಗ್ರಂಥದ ಸಾರವೇನಂದರೆ, ಲೆಕ್ಕವನ್ನು ಮುಟ್ಟುವ ಆಟದಲ್ಲಿ ಮುಳುಗಿದವನು ಆ ಆಟದ ನಿಯಮಗಳನ್ನು ಯಾರು ಮಾಡಿದರೆಂದು ಕೇಳುವದನ್ನೇ ಮರೆಯುತ್ತಾನೆ ಎಂಬದು. ಇಂದು ನೂರಕ್ಕೆ ಹತ್ತು ಹೆಚ್ಚು ಮಾಡಿ ತೋರಿಸಿದರೆ, ನಾಳೆ ಹಲಗೆಯ ಮೇಲೆ ನೂರ ಹತ್ತೇ ಲೆಕ್ಕವಾಗಿ ಬರೆಯಲ್ಪಡಬಹುದು. ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಜನರ ಚರಿತ್ರೆಯನ್ನು ನಮ್ಮ ವಾಚಕರು ಬಲ್ಲರು: ಫರೋಹನು ಹುಲ್ಲು ಕೊಡುವದನ್ನು ನಿಲ್ಲಿಸಿದನು, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕಡಿಮೆ ಮಾಡಲಿಲ್ಲ, ಬಿಡುವು ಕೇಳಿದವರಿಗೆ ಮೈಗಳ್ಳರೆಂಬ ಹೆಸರು ಬಂತು. ಲೆಕ್ಕದ ಹಲಗೆಯು ಹೊಸದು, ಆ ಬುದ್ಧಿಯು ಹಳೆಯದು.

ಮೂರನೆಯದು ಒಡನಾಟ. ಇದರ ವಿಷಯವಾಗಿ ನಾವು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಯಾಕಂದರೆ ಹೊರಗಿನವರು ಹೆಚ್ಚಾಗಿ ತಪ್ಪು ತಿಳಿಯುವದು ಇದನ್ನೇ. ಡೊನಾಲ್ಡ್ ರಾಯ್ ಎಂಬ ಅಮೇರಿಕದ ವಿದ್ವಾಂಸರು ಒಂದು ಕಾರ್ಖಾನೆಯ ಮೂಲೆಯ ಕೋಣೆಯಲ್ಲಿ ಮೂವರು ವಯಸ್ಸಾದ ಕೂಲಿಕಾರರ ಸಂಗಡ ದುಡಿದು, ತಾವು ಕಂಡದ್ದನ್ನು 1959-60ರಲ್ಲಿ ಪ್ರಕಟಿಸಿದರು. ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚನ್ನಿಟ್ಟು ಯಂತ್ರದಿಂದ ಒತ್ತಿ ತುಂಡು ತೆಗೆಯುವದು, ಅಷ್ಟೇ ಕೆಲಸ. ಮೊದಲು ಅವರಿಗೆ ದಿನಗಳು ಮುಗಿಯಲೊಲ್ಲದಾದವು. ಆಮೇಲೆ ಆ ಕೋಣೆಯಲ್ಲಿ ಕಾಲವನ್ನು ಗಡಿಯಾರದಿಂದಲ್ಲ, ಬೇರೆ ಗುರುತುಗಳಿಂದ ಎಣಿಸುತ್ತಾರೆಂದು ಕಂಡುಕೊಂಡರು. ಬೆಳಿಗ್ಗೆ ಒಬ್ಬನು ಹಣ್ಣನ್ನು ಎಲ್ಲರಿಗೂ ಹಂಚುವ ಹೊತ್ತು ಒಂದು. ಅದಾದ ಮೇಲೆ ಬಾಳೆಹಣ್ಣಿನ ಹೊತ್ತು: ಒಬ್ಬನು ತನ್ನ ಬುತ್ತಿಯಲ್ಲಿ ಒಂದು ಬಾಳೆಹಣ್ಣು ತರುವನು; ಇನ್ನೊಬ್ಬನು ಅದನ್ನು ಕದ್ದು, ಬಾಳೆಹಣ್ಣಿನ ಹೊತ್ತು ಬಂತೆಂದು ಕೂಗಿ ತಿಂದುಬಿಡುವನು; ತಂದವನು ಗದರುವನು; ಮೂರನೆಯವನು ಕಳ್ಳನನ್ನೂ, ಗದ್ದಲ ಮಾಡಿದ್ದಕ್ಕೆ ತಂದವನನ್ನೂ ಬೈಯುವನು. ತಂದವನಿಗೆ ಒಂದು ದಿನವಾದರೂ ಹಣ್ಣು ಸಿಕ್ಕಲಿಲ್ಲ; ಆದರೂ ಅವನು ತರುವದನ್ನು ಬಿಡಲಿಲ್ಲ. ಇದರಂತೆ ಕಿಟಕಿ ತೆರೆದು ಜಗಳವಾಡುವ ಹೊತ್ತು, ಮೀನಿನ ಹೊತ್ತು, ಪಾನೀಯದ ಹೊತ್ತು ಎಂದು ದಿನವೆಲ್ಲಾ ಹಂಚಿಹೋಗಿತ್ತು.

ಇದು ಹುಡುಗಾಟವೆಂದು ನಗಬಹುದು. ಆದರೆ ಮುಂದೆ ನಡೆದದ್ದನ್ನು ಕೇಳಿರಿ. ಒಂದು ಸಾರಿ ಒಂದು ಪರಿಹಾಸ್ಯವು ಮಿತಿಮೀರಿ ಅವರೊಳಗೆ ಮನಸ್ತಾಪ ಹುಟ್ಟಿ, ಮಾತೂ ನಗೆಯೂ ನಿಂತುಹೋದವು. ಕೆಲಸವು ಮುಂಚಿನದೇ, ಯಂತ್ರವು ಮುಂಚಿನದೇ. ಆದರೆ ಆ ದಿನಗಳಲ್ಲಿ ಮೈಯ ಆಯಾಸವು ತಿರಿಗಿ ಬಂದು ಕಾಲುಗಳು ನೋಯತೊಡಗಿದವು ಎಂದು ಅವರು ಬರೆದಿದ್ದಾರೆ. ಹಾಗಾದರೆ ಆ ಭಾರವನ್ನು ಅಷ್ಟು ದಿನ ಹೊತ್ತದ್ದು ಯಾವದು? ಕದ್ದ ಬಾಳೆಹಣ್ಣೇ ಅಲ್ಲವೋ?

ಇದೇ ಒಡನಾಟವು ಇನ್ನೂ ಎತ್ತರಕ್ಕೆ ಬೆಳೆದದ್ದೂ ಉಂಟು. ಜೆಪ್ಪುವಿನಲ್ಲಿ ಹಂಚಿನ ಕೆಲಸ ಆರಂಭವಾದ 1865ನೇ ವರ್ಷದಲ್ಲಿಯೇ, ದೂರದ ಕ್ಯೂಬ ದ್ವೀಪದ ಹವಾನಾ ಪಟ್ಟಣದಲ್ಲಿ ಚುಟ್ಟ ಸುತ್ತುವ ಕೂಲಿಕಾರರು ಒಂದು ಹೊಸ ಏರ್ಪಾಡು ಮಾಡಿಕೊಂಡರು. ತಮ್ಮೊಳಗಿಂದ ಒಬ್ಬನನ್ನು ಎತ್ತರವಾದ ಪೀಠದ ಮೇಲೆ ಕೂಡ್ರಿಸಿ, ತಾವೆಲ್ಲರೂ ಎಲೆ ಸುತ್ತುತ್ತಿರುವಾಗ ಅವನು ವರ್ತಮಾನ ಪತ್ರಿಕೆಗಳನ್ನೂ ಕಥಾಗ್ರಂಥಗಳನ್ನೂ ಗಟ್ಟಿಯಾಗಿ ಓದುವಂತೆ ಮಾಡಿದರು. ಓದುವವನಿಗೆ ಸಂಬಳವನ್ನು ಕೂಲಿಕಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಯಾವ ಪುಸ್ತಕವೆಂಬದನ್ನೂ ತಾವೇ ಆರಿಸುತ್ತಿದ್ದರು. ಮರುವರ್ಷವೇ ಸರಕಾರವು ಇದನ್ನು ನಿಷೇಧಿಸಿತು. ಕೇಳುವ ಕಿವಿಗಳಿಗೆ ಅಷ್ಟು ಭಯವಿತ್ತು. ಆದರೂ ಪದ್ಧತಿಯು ಪುನಃ ಚಿಗುರಿ ಈ ವರೆಗೂ ಉಳಿದುಬಂದಿದೆ. ಅಮೇರಿಕದ ಟ್ಯಾಂಪಾ ಪಟ್ಟಣದ ಕಾರ್ಖಾನೆಗಳಿಗೂ ಅದು ಹರಡಿತ್ತು. ಅಲ್ಲಿ 1931ರಲ್ಲಿ ಯಜಮಾನರು ಓದುವವರನ್ನು ತೆಗೆದುಹಾಕಿ ರೇಡಿಯೋವನ್ನು ಇಟ್ಟರು. ಎರಡೂ ದನಿಗಳೇ, ಆದರೆ ಒಂದು ಅವರು ಆರಿಸಿಕೊಂಡದ್ದು, ಮತ್ತೊಂದು ಅವರ ಮೇಲೆ ಹೊರಿಸಲ್ಪಟ್ಟದ್ದು. ನಮ್ಮ ನೆರೆಯ ಕಣ್ಣೂರಿನ ಬೀಡಿ ಕೆಲಸದ ಸ್ಥಳಗಳಲ್ಲಿಯೂ ಒಬ್ಬನು ಪತ್ರಿಕೆ ಓದುವದು, ಅವನ ಪಾಲಿನ ಬೀಡಿಗಳನ್ನು ಮಿಕ್ಕವರು ಕಟ್ಟಿಕೊಡುವದು ವಾಡಿಕೆಯಾಗಿತ್ತು. ಶಾಲೆಯ ಮುಖ ಕಾಣದವರು ಅಲ್ಲಿ ಕೂತು ಲೋಕದ ಸಮಾಚಾರವನ್ನು ಕಲಿತರು. ಕೈ ಮಾತ್ರ ದುಡಿಯಲಿ ಎಂದು ಕರೆಯಲ್ಪಟ್ಟವರು ತಲೆಯನ್ನೂ ತಮ್ಮ ಸಂಗಡ ತಂದರು.

ಈಗ ಈ ಮೂರನ್ನೂ ತೂಗಿ ನೋಡುವ. ಎಂಟು ಗಂಟೆಯ ಕೂಲಿಯನ್ನು ತೆಗೆದುಕೊಳ್ಳುವವನು ಏನನ್ನು ಮಾರಿದ್ದಾನೆ? ಕೈಯ ಬಲವನ್ನೂ, ಕೆಲಸಕ್ಕೆ ಬೇಕಾಗುವಷ್ಟು ಲಕ್ಷ್ಯವನ್ನೂ, ಸಮಯವನ್ನೂ ಮಾರಿದ್ದಾನೆ. ಮನಸ್ಸನ್ನು ಮಾರಲಿಲ್ಲ; ಅದು ಮಾರತಕ್ಕ ವಸ್ತುವೂ ಅಲ್ಲ. ಆದಕಾರಣ ದುಡಿಯುವಾಗಲೂ ಮನಸ್ಸನ್ನು ತನ್ನದಾಗಿ ಕಾಪಾಡಿಕೊಳ್ಳುವದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗಿದೆ. ಮರಗಟ್ಟಿದ ಮರೆವು ಮನಸ್ಸನ್ನು ಕಾಪಾಡುವದಿಲ್ಲ, ಅದನ್ನು ಹೂತಿಡುವದು. ಆಟವು ಅದನ್ನು ಎಚ್ಚರಗೊಳಿಸುವದು, ಆದರೆ ಒಬ್ಬಂಟಿಯಾಗಿ ಇಡುವದು. ಕೆಲವು ಸಾರಿ ಪಕ್ಕದವಳನ್ನು ಎದುರಾಳಿಯನ್ನಾಗಿಯೂ ಮಾಡುವದು. ಒಡನಾಟವೋ ಮನಸ್ಸನ್ನು ಎಚ್ಚರಗೊಳಿಸಿ ಮತ್ತೊಂದು ಮನಸ್ಸಿನ ಹತ್ತಿರ ಕೂಡ್ರಿಸುವದು. ಒಂದು ಉಪಾಯವು ಒಳ್ಳೇದೋ ಕೆಟ್ಟದ್ದೋ ಎಂದು ತಿಳಿಯುವದಕ್ಕೆ ಒಂದು ಸುಲಭವಾದ ಪರೀಕ್ಷೆ ಉಂಟು: ಹೊತ್ತು ಮುಳುಗಿದಾಗ ಆ ಮನುಷ್ಯನಲ್ಲಿ ತನ್ನ ಮನೆಯವರಿಗೆ ಕೊಡುವದಕ್ಕೆ ಏನು ಉಳಿದಿದೆ?

ಇಲ್ಲಿ ಎರಡು ಆಕ್ಷೇಪಗಳನ್ನು ಉತ್ತರಿಸಬೇಕು. ಕೆಲಸದ ನಡುವೆ ಮಾತಾಡುವದೂ ನಗುವದೂ ಯಜಮಾನನ ಸಮಯವನ್ನು ಕದ್ದಂತಲ್ಲವೋ ಎಂದು ಮನಸ್ಸಾಕ್ಷಿಯುಳ್ಳ ಕೆಲವರು ಕೇಳುವರು. ಒಪ್ಪಿಕೊಂಡ ಕೆಲಸವನ್ನು ಮಾಡದೆ ಬಿಟ್ಟರೆ ಅದು ಕಳ್ಳತನವೇ ಸರಿ. ಯಂತ್ರದ ಹತ್ತಿರ ಅಜಾಗ್ರತೆಯಿಂದಿದ್ದು ತನ್ನ ಬೆರಳನ್ನೋ ಪಕ್ಕದವನ ಬೆರಳನ್ನೋ ಅಪಾಯಕ್ಕೆ ಗುರಿಮಾಡುವದೂ ಪಾಪವೇ. ಆದರೆ ಎಣಿಸಿದ ತುಂಡುಗಳು ಎಣಿಸಿದಂತೆ ಆಗುತ್ತಿರುವಾಗ, ಪಕ್ಕದವಳಿಗೆ ಹೇಳಿದ ಒಂದು ಮಾತು ಯಾರ ಸೊತ್ತು? ಅದು ಎಂದೂ ಮಾರಲ್ಪಟ್ಟಿರಲಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಅಪಾಯವುಳ್ಳದ್ದು. ಕೂಲಿಕಾರರು ಹೀಗೆ ಹಾಡಿ, ಆಡಿ, ನಕ್ಕು ತಾಳಿಕೊಳ್ಳಬಲ್ಲವರಾದರೆ ಏರ್ಪಾಡನ್ನು ಬದಲಾಯಿಸುವ ಅಗತ್ಯವೇನು ಎಂದು ಕೆಲವರು ಹೇಳುವರು. ಬಾಯಿಂದ ಹೇಳದವರೂ ಮನಸ್ಸಿನಲ್ಲಿ ಹೇಳಿಕೊಳ್ಳುವರು. ಇದಕ್ಕೆ ನಮ್ಮ ಉತ್ತರವೇನಂದರೆ: ಹೊತ್ತವನ ಬಲವು ಹೊರಿಸಿದವನ ನ್ಯಾಯವಾಗಲಾರದು. ಮನಸ್ಸು ಉಪಾಯ ಕಂಡುಕೊಂಡರೂ ಮೈಯು ಕಂಡುಕೊಳ್ಳಲಾರದು. ಇಟಲಿಯ ವೈದ್ಯನಾದ ರಮಾಜ್ಜೀನಿ ಎಂಬವನು 1700ರಲ್ಲಿಯೇ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದು, ಅದರ ಮುಂದಿನ ಆವೃತ್ತಿಯಲ್ಲಿ ದಿನವೆಲ್ಲಾ ಬರೆಯುವ ಗುಮಾಸ್ತರ ಬೇನೆಗೆ ಮೂರು ಕಾರಣಗಳನ್ನು ತೋರಿಸಿದನು: ಬಿಡದೆ ಕೂತಿರುವದು, ಕೈಯನ್ನು ಬಿಡದೆ ಒಂದೇ ರೀತಿಯಲ್ಲಿ ಆಡಿಸುವದು, ತಪ್ಪಾದೀತೆಂದು ಮನಸ್ಸನ್ನು ಬಿಗಿಹಿಡಿಯುವದು. ಮುನ್ನೂರು ವರ್ಷಗಳ ಮೇಲೆ ಹೊಲಿಗೆಯ ಸಾಲಿನಲ್ಲಿ ಕೂತವಳ ಕತ್ತಿನ ನೋವಿಗೂ ಮಣಿಕಟ್ಟಿನ ಜೋಮಿಗೂ ಇವೇ ಕಾರಣಗಳಾಗಿವೆ. ಒಂದೇ ಕೆಲಸವನ್ನು ಮಾಡುತ್ತಿದ್ದ ಕೈಗೆ ನಡುವೆ ಬೇರೆ ಕೆಲಸ ಕೊಡುವದು, ಗಂಟೆಗೊಮ್ಮೆ ಎದ್ದು ಮೈ ನೀಡುವ ಬಿಡುವು, ಬೆನ್ನಿಗೆ ಆಧಾರವಿರುವ ಕುರ್ಚಿ, ನೀರಿಗೂ ಶೌಚಕ್ಕೂ ಅಂಜದೆ ಹೋಗುವ ಸ್ವಾತಂತ್ರ್ಯ, ತಾಳಬಹುದಾದ ಲೆಕ್ಕ, ಇವು ದಯೆಯ ದಾನಗಳಲ್ಲ, ಸಲ್ಲತಕ್ಕ ಸಾಲ. ಚಲಿಸುವ ಸಾಲು ದೇವರ ಕಟ್ಟಳೆಯೂ ಅಲ್ಲ. ಸ್ವೀಡನ್ ದೇಶದ ವೋಲ್ವೋ ಕಂಪೆನಿಯು 1974ರಲ್ಲಿ ಕಾಲ್ಮಾರ್ ಎಂಬಲ್ಲಿ ಆ ಸಾಲನ್ನು ಬಿಟ್ಟು, ಕೆಲಸಗಾರರ ಚಿಕ್ಕ ಚಿಕ್ಕ ತಂಡಗಳು ಕಾರಿನ ಒಂದೊಂದು ಭಾಗವನ್ನು ತಾವೇ ಕೂಡಿ ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. 1994ರಲ್ಲಿ ಅದು ಮುಚ್ಚಲ್ಪಟ್ಟಿತು. ಆದರೆ ಇಪ್ಪತ್ತು ವರ್ಷ ಅಲ್ಲಿ ಕಾರುಗಳು ಆದವು. ಬೇರೆ ರೀತಿಯಲ್ಲಿ ಮಾಡಲಾಗದೆಂಬ ಮಾತು ಸುಳ್ಳೆಂಬದಕ್ಕೆ ಅಷ್ಟು ಸಾಕು.

ಒಡನಾಟದ ಫಲವು ನಗೆಯಲ್ಲಿಯೇ ಮುಗಿಯುವದಿಲ್ಲವೆಂಬದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಸಾಕ್ಷಿ ಉಂಟು. 2016ರ ಫೆಬ್ರವರಿಯಲ್ಲಿ ಭವಿಷ್ಯನಿಧಿಯ ನಿಯಮವು ಬದಲಾಗಿ, ಯಜಮಾನನು ಕಟ್ಟಿದ ಪಾಲನ್ನು ಕೆಲಸಗಾರನು 58 ವರ್ಷ ತುಂಬುವ ತನಕ ತೆಗೆಯಬಾರದೆಂದಾಯಿತು. ಮಗಳ ಮದುವೆಗೂ ಮನೆಯ ಸಾಲಕ್ಕೂ ಆ ಹಣವನ್ನೇ ನಂಬಿದ್ದ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್ 18ರಂದೂ 19ರಂದೂ ಸಾವಿರಗಟ್ಟಲೆಯಾಗಿ ಹೆದ್ದಾರಿಗಳಿಗೆ ಇಳಿದರು. ಆ ದಿನಗಳಲ್ಲಿ ನಡೆದ ಕಲ್ಲೆಸೆತವನ್ನೂ ಬೆಂಕಿಯನ್ನೂ ನಾವು ಹೊಗಳುವದಿಲ್ಲ. ಆದರೆ ದೊಡ್ಡ ನಾಯಕರು ಯಾರೂ ಕರೆಯದೆ ಅಷ್ಟು ಮಂದಿ ಒಂದಾದದ್ದು ಹೇಗೆ? ಯಂತ್ರಗಳ ಸದ್ದಿನ ನಡುವೆಯೂ ಊಟದ ಹೊತ್ತಿನಲ್ಲಿಯೂ ವ್ಯಾನಿನಲ್ಲಿಯೂ ಒಬ್ಬಳು ಇನ್ನೊಬ್ಬಳಿಗೆ ಹೇಳಿದ ಮಾತು ಅಲ್ಲಿ ಕೂಡಿಬಂತೆಂದು ನಾವು ಎಣಿಸುತ್ತೇವೆ. ಎರಡನೆಯ ದಿನವೇ ಸರಕಾರವು ನಿಯಮವನ್ನು ಹಿಂದೆಗೆಯಿತು. ಕೈಗಳೆಂದು ಎಣಿಸಲ್ಪಟ್ಟವರು ಕಾಗದದಲ್ಲಿ ಬರೆದದ್ದನ್ನು ತಿಳಿದು ವಿಚಾರಿಸಬಲ್ಲವರೆಂದು ಎಲ್ಲರಿಗೂ ಗೊತ್ತಾಯಿತು.

ಹೀಗಿರಲಾಗಿ, ಪ್ರಿಯ ವಾಚಕರೇ, ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಮಾಡತಕ್ಕ ಕೆಲವು ಸಂಗತಿಗಳಿವೆ. ಕಾರ್ಖಾನೆಯಿಂದ ಬಂದ ಮಗಳನ್ನು ಸಂಬಳ ಎಷ್ಟು ಬಂತೆಂದು ಕೇಳುವದಕ್ಕೆ ಮುಂಚೆ ದಿನ ಹೇಗಾಯಿತೆಂದು ಕೇಳಿರಿ. ಪಕ್ಕದ ಯಂತ್ರದಲ್ಲಿ ಕೂರುವವಳ ಹೆಸರೇನೆಂದು ಕೇಳಿ, ಆ ಹೆಸರನ್ನು ನೆನಪಿಡಿರಿ. ಮನಸ್ಸು ಮರಗಟ್ಟಿ ಬಂದವಳನ್ನು ಬಾಗಿಲಲ್ಲಿಯೇ ಪಾತ್ರೆಗಳ ರಾಶಿಯಿಂದ ಎದುರುಗೊಳ್ಳಬೇಡಿರಿ. ಎರಡನೆಯ ಕಾರ್ಖಾನೆಯು ಮನೆಯಲ್ಲಿಯೇ ಇದ್ದರೆ ಮೊದಲನೆಯದನ್ನು ದೂರುವ ಬಾಯಿ ನಮಗೆ ಎಲ್ಲಿ? ವಾರಕ್ಕೆ ಒಂದು ದಿನದ ವಿಶ್ರಾಂತಿಯು ದಾಸನಿಗೂ ದಾಸಿಗೂ ಎತ್ತಿಗೂ ಸಹ ನೇಮಿಸಲ್ಪಟ್ಟಿರುವಾಗ, ಆ ದಿನವನ್ನು ಅವಳಿಗೆ ಪೂರಾ ಬಿಟ್ಟುಕೊಡಿರಿ. ಮಕ್ಕಳಿಗೆ ಹಾಡುಗಳನ್ನೂ ಕಥೆಗಳನ್ನೂ ಬಾಯಿಪಾಠ ಮಾಡಿಸಿರಿ. ಬೀಸುವ ಕಲ್ಲಿಗೆ ಕಾಳು ಹಾಕದಿದ್ದರೆ ಕಲ್ಲು ಕಲ್ಲನ್ನೇ ತಿನ್ನುವದು. ಬರಿದಾದ ಮನಸ್ಸೂ ದೀರ್ಘವಾದ ದಿನದಲ್ಲಿ ತನ್ನನ್ನೇ ತಿನ್ನುವದು. ಹದಿನಾರು ವರ್ಷಕ್ಕೆ ಯಂತ್ರದ ಹತ್ತಿರ ಕೂರಬೇಕಾದೀತೆಂದು ಮಗಳ ಓದನ್ನು ಮೊಟಕು ಮಾಡುವ ತಂದೆಯು, ಅವಳು ಮುಂದೆ ಮೂವತ್ತು ವರ್ಷ ಬೀಸಬೇಕಾದ ಕಾಳನ್ನೇ ಕಸುಕೊಳ್ಳುತ್ತಾನೆ.

ಬೋಧಿಸುವವರಾದ ನಮಗೂ ಒಂದು ಮಾತು. ತಾಳ್ಮೆಯನ್ನು ಕುರಿತು ಪ್ರಸಂಗ ಮಾಡುವದು ಸುಲಭ. ಯಾರೆದುರಿಗೆ ಮಾಡುತ್ತೇವೆಂಬದನ್ನು ಮಾತ್ರ ನೋಡಿಕೊಳ್ಳಬೇಕು. ದಿನಕ್ಕೆ ಆರು ನೂರು ಸಾರಿ ಒಂದೇ ಹೊಲಿಗೆ ಹಾಕಿದವಳು ತಾಳ್ಮೆಯ ಪಾಠವನ್ನು ನಮ್ಮಿಂದ ಕಲಿಯತಕ್ಕದ್ದಿಲ್ಲ. ಅವಳು ಅದನ್ನು ನಮಗೆ ಕಲಿಸಬಲ್ಲಳು. ಆ ಪ್ರಸಂಗವನ್ನು ಲೆಕ್ಕದ ಹಲಗೆ ಬರೆಯುವವನ ಮುಂದೆ ಮಾಡುವ. ಅಂಗಡಿಯಲ್ಲಿ ಅಂಗಿಯ ಬೆಲೆ ಇನ್ನೂ ಹತ್ತು ರೂಪಾಯಿ ಇಳಿಯಲೆಂದು ಚೌಕಾಶಿ ಮಾಡುವಾಗ ನಮ್ಮ ಮುಂದೆಯೂ ಮಾಡಿಕೊಳ್ಳುವ. ಅವಳ ಸಂಗಡ ಮಾತಾಡುವ ಹೊತ್ತು ಬಂದರೆ, ಬೋಧಿಸುವದಕ್ಕಿಂತ ಮೊದಲು ಪಕ್ಕದಲ್ಲಿ ಕೂತು, ಇಡೀ ದಿನ ಹೇಳಲಿಕ್ಕೆ ಸಮಯ ಸಿಕ್ಕದೆ ಉಳಿದುಹೋದ ಅವಳ ಮಾತನ್ನು ಕೇಳುವ.